ಡ್ರಾಯರಿನಲ್ಲಿ ಮೂರು ಮೊಹರು

ಮಡಿಕೇರಿ ಕೋಟೆಯ ರೆಕಾರ್ಡು ಕೋಣೆಯಲ್ಲಿ
ಬೊಳ್ಳಿಯಪ್ಪನವರ ಡ್ರಾಯರಿನೊಳಗೆ ಮೂರು ಮೊಹರು.
ಒಂದಕ್ಕೆ ಕಿರೀಟ, ಹಿಡಿ ಸವೆದು ಬೋಳಾದದ್ದು.
ಒಂದಕ್ಕೆ ಸಿಂಹ, ಅಡಿಯಲ್ಲಿ ಕೊಡಗು ರಾಜ್ಯ;
ನಾಲ್ಕು ವರ್ಷದ ಕೂಸು,
ರಬ್ಬರಿನ ವಾಸನೆ ಇನ್ನೂ ಹೋಗಿಲ್ಲ.
ಮೂರನೆಯದು ಬೆಂಗಳೂರಿನಿಂದ
ಮೊನ್ನೆಯ ಬಸ್ಸಿನಲ್ಲಿ, ಹುಲ್ಲು ಸುತ್ತಿಕೊಂಡು,
ಮೊಟ್ಟೆ ಕಳಿಸಿದಂತೆ ಬಂತು.

ಐವತ್ತಾರರ ನವೆಂಬರ್ ಒಂದು, ಗುರುವಾರ.
ರಜೆಯೋ ಅಲ್ಲವೋ ಯಾರೂ ಹೇಳಿರಲಿಲ್ಲ.
ಆಚೆ ಸಭಾಂಗಣದಲ್ಲಿ ಜವಾನ ಕುರ್ಚಿ ಎಣಿಸುತ್ತಿದ್ದ:
ಇಪ್ಪತ್ತನಾಲ್ಕು. ಮತ್ತೆ ಎಣಿಸಿದ. ಇಪ್ಪತ್ತನಾಲ್ಕೇ.

ಬಾಗಿಲಲ್ಲಿ ಪೊನ್ನವ್ವ,
ನಾಪೋಕ್ಲಿನಿಂದ ಅರ್ಧ ನಡೆದು, ಅರ್ಧ ಬಸ್ಸಿನಲ್ಲಿ.
ಜಮ್ಮಾ ಗದ್ದೆಯ ನಕಲು ಬೇಕು.
"ಹೋದ ವಾರ, ಮುಂದಿನ ವಾರ ಅಂದಿರಿ. ಬಂದೆ."

ನಕಲು ಬರೆದರು. ಮೊಹರಿಗೆ ಕೈ ಹಾಕಿದರು.
ಬೆರಳು ತಾನಾಗಿ ಸಿಂಹದ ಮೇಲೆ.
ತೆಗೆದರು.

"ಮೊಹರು ಬದಲಾಯಿತಾ?"
"ನಾವು ಈಗ ಜಿಲ್ಲೆ, ತಾಯಿ."
"ಹಾಗಾದರೆ ಕೋವಿಗೆ ಯಾರನ್ನು ಕೇಳಬೇಕು?"
"ಕೇಳಬೇಕಾಗಿಲ್ಲ. ಮೊದಲಿನ ಹಾಗೇ... ಅಂತ ಕಾಣುತ್ತೆ."
"ಗದ್ದೆ?"
"ಅದೂ."
"ಮತ್ತೆ ಬದಲಾದದ್ದು?"

ಬೊಳ್ಳಿಯಪ್ಪನವರು ಹೊಸ ರಬ್ಬರಿಗೆ ಶಾಯಿ ಹಿಡಿಸಿ
ಉತ್ತರದ ಬದಲು ಕಾಗದದ ಮೇಲೆ ಊರಿದರು.
ಗಂಡಭೇರುಂಡ. ಒಂದು ತಲೆ ಅತ್ತ, ಒಂದು ಇತ್ತ.

ಪೊನ್ನವ್ವ ಬೆಳಕಿಗೆ ಹಿಡಿದು ನೋಡಿದಳು.
"ಎರಡು ಕೊಕ್ಕು. ಹೊಟ್ಟೆ ಒಂದೇ ಅಲ್ಲವಾ?"
ನಾಲ್ಕಾಣೆ ಎಣಿಸಿಟ್ಟು,
ಶಾಯಿ ಆರುವ ತನಕ
ಗಾರೆ ಆನೆಯ ನೆರಳಲ್ಲಿ ನಿಂತಳು.

ಸಂಜೆ, ಹಳೆಯ ಮೊಹರುಗಳನ್ನು
ಲೆಕ್ಕ ಬರೆದು ಒಪ್ಪಿಸಬೇಕಿತ್ತು.
ಸಂಖ್ಯೆಯ ಕಲಮಿನಲ್ಲಿ ಅವರು
ದುಂಡಗೆ, ನಿಧಾನವಾಗಿ
ಒಂದು ಎಂದು ಬರೆದರು.