ಕೊನೆಗೆ ಕೇಳಿಸಿದ್ದು

ಎರಡೂ ಮುಕ್ಕಾಲಿಗೆ, ತಂಬಿಹಳ್ಳಿ ಹತ್ತಿರ,
ರಸ್ತೆ ಅಗಲ ಮಾಡುವ ಜೇಸೀಬಿ
ಒಂದು ಬಕೆಟ್ ಮಣ್ಣಿನ ಜೊತೆ
ಮುಳಬಾಗಿಲಿನ ಅರ್ಧ ಮಾತನ್ನೂ ಎತ್ತಿ ಪಕ್ಕಕ್ಕೆ ಹಾಕಿತು.

ಎಕ್ಸ್‌ಚೇಂಜಿನೊಳಗೆ ಮೊದಲು ಸದ್ದೇನೂ ಆಗಲಿಲ್ಲ.
ಮೇ ತಿಂಗಳಲ್ಲೂ ಸ್ವೆಟರ್ ಹಾಕಿ ಕೂರುವ ಕೋಣೆ,
ಚಪ್ಪಲಿ ಬಾಗಿಲಾಚೆ.
ಒಂದು ದೀಪ ಕೆಂಪಾಯಿತು, ಮತ್ತೆ ಅದರ ಪಕ್ಕದ್ದು,
ಆಮೇಲೆ ಇಡೀ ಸಾಲು, ದಾಳಿಂಬೆ ಒಡೆದ ಹಾಗೆ.

ಆ ಹೊತ್ತಿನಲ್ಲಿ ಎದ್ದಿರುವವರು ವಡ್ಡಹಳ್ಳಿ ಮಂಡಿಯವರು.
ನನಗೆ ಯಾರ ಮಾತೂ ಕೇಳಿಸುವುದಿಲ್ಲ, ಎಣಿಕೆ ಮಾತ್ರ.
ಆದರೂ ಗೊತ್ತು:
‘ಬಾಕ್ಸಿಗೆ ನೂರಾ ನಲವ’ ಅನ್ನುವಷ್ಟರಲ್ಲಿ ಕಡಿದು
ನಲವತ್ತೋ ನಲವತ್ತೆಂಟೋ ತಿಳಿಯದೆ
ಲಾರಿ ಸ್ಟಾರ್ಟ್ ಮಾಡಿಟ್ಟು ನಿಂತಿರುತ್ತಾನೆ ಒಬ್ಬ.

ನಾನು ಕೈಪಿಡಿ ತೆಗೆಯುವ ಮೊದಲೇ
ಯಂತ್ರದೊಳಗಿನವು ಕೆಲಸ ಹಂಚಿಕೊಂಡಿದ್ದವು.
ಒಂದಕ್ಕೆ ಬೇರೆ ದಾರಿ ಹುಡುಕುವುದು,
ಒಂದಕ್ಕೆ ಸತ್ತ ಲಿಂಕಿನ ಬಾಕಿ ಕಾಗದ ಎತ್ತಿಡುವುದು,
ಮತ್ತೊಂದು, ಏನೂ ಆಗಿಲ್ಲವೆಂಬಂತೆ,
ಸೋಮೇಶ್ವರಪಾಳ್ಯದ ಯಾರದೋ ಮನೆಗೆ
ಡಯಲ್ ಟೋನ್ ಕೊಡುತ್ತಿತ್ತು.
ಯಾರೂ ಯಾರನ್ನೂ ಕೂಗಲಿಲ್ಲ.
ಮದುವೆಮನೆಯ ಅಡುಗೆಯವರು ಹೀಗಿರುತ್ತಾರೆ:
ಅತ್ತ ಸಾರು ಚೆಲ್ಲಿದರೂ
ಇತ್ತ ಪಲ್ಯದ ಒಗ್ಗರಣೆ ಸೀಯುವುದಿಲ್ಲ.

ಪ್ರತಿಯೊಂದರ ಬೆನ್ನಿಗೂ ಒಂದು ಜೋಡಿ,
ಅದೇ ಲೆಕ್ಕವನ್ನು ಮೌನವಾಗಿ ಮಾಡುತ್ತಾ.
ಉತ್ತರ ಬೇರೆಯಾದರೆ ಒಂದನ್ನು ಹೊರಗೆ ಕೂರಿಸಬೇಕು.
ಯಾವುದನ್ನೆಂದು ತೀರ್ಮಾನಿಸಲು ಕಣ್ಣು ಮಿಟುಕಿಸುವಷ್ಟು ಸಾಕು.
ಅಮ್ಮನ ಓಲೆಯ ಲೆಕ್ಕ,
ನನ್ನದೊಂದು, ಅಕ್ಕ ವನಜಾಕ್ಷಿಯದೊಂದು,
ಆರು ವರ್ಷವಾಯಿತು.

ಬಳಸುದಾರಿ ಸಿಕ್ಕ ಕೂಡಲೇ
ನಮ್ಮ ಯಂತ್ರ ಕೋಲಾರದ ಯಂತ್ರವನ್ನು ಕೇಳುವುದು ಒಂದೇ:
ನಿನಗೆ ಕೊನೆಗೆ ಕೇಳಿಸಿದ್ದು ಎಷ್ಟನೆಯದು?
ತೊಂಬತ್ತೊಂದು.
ಸರಿ, ತೊಂಬತ್ತೆರಡರಿಂದ ಮತ್ತೆ ಹೇಳುತ್ತೇನೆ.
ಯಾಕೆ ಕೇಳಿಸಲಿಲ್ಲ,
ಕೇಳಿಸಿಯೂ ಸುಮ್ಮನಿದ್ದೆಯಾ,
ಅನ್ನುವುದಕ್ಕೆ ಅದರ ಭಾಷೆಯಲ್ಲಿ ಜಾಗವಿಲ್ಲ.

ಮಾತಾಡುತ್ತಿದ್ದವರು ತಪ್ಪಿಹೋದರು.
ಮಾತಾಡಬೇಕೆಂದು ನಂಬರು ಒತ್ತುತ್ತಿದ್ದವರು
ಶ್ರೀನಿವಾಸಪುರ, ಚಿಂತಾಮಣಿ ಸುತ್ತಿ ಕೋಲಾರ ಸೇರಿದರು.
ಬಸ್ಸಿನಲ್ಲಾದರೆ ಮೂರು ಗಂಟೆ, ಎರಡು ಟೀ.

ನಾಲ್ಕೂ ಕಾಲಿಗೆ ಡಾಬಾದಿಂದ ಪಿಳ್ಳಮುನಿಯಪ್ಪನ ಫೋನು:
‘ಕೂದ್ಲೆಳೆ ಮೇಡಂ, ಒಂದೊಂದೇ ಅಂಟಿಸ್ದೆ, ಹನ್ನೆರಡೂ.
ಟಾರ್ಚ್ ಹಿಡಿಯೋಕೆ ಆ ಜೇಸೀಬಿ ಹುಡುಗನ್ನೇ ನಿಲ್ಲಿಸ್ಕೊಂಡೆ.
ಅಳ್ತಾ ಅವ್ನೆ. ಬಿಸ್ಕತ್ತು ಕೊಡಿಸಿದೀನಿ.’

ಕೆಂಪು ಕೂಡಲೇ ಹಸಿರಾಗಲಿಲ್ಲ.
ಬೆಸೆದ ಲಿಂಕನ್ನು ಯಂತ್ರ ಒಮ್ಮೆಗೇ ನಂಬುವುದಿಲ್ಲ.
ಅರ್ಥವಿಲ್ಲದ ಖಾಲಿ ಮಾತುಗಳನ್ನು
ಕಳಿಸಿ ಕಳಿಸಿ ನೋಡುತ್ತದೆ,
ಸುಮ್ಮನೆ, ತಲುಪುತ್ತಿದೆಯಾ ಎಂದು.
ನಿಜವಾದದ್ದೆಲ್ಲ ಆಮೇಲೆ.

ಐದು ಗಂಟೆಗೆ ಬಂಗಾರಪೇಟೆಯಲ್ಲಿ ನಲ್ಲಿ ಬಿಡುತ್ತಾರೆ.
ಲಾಗ್ ಪುಸ್ತಕಕ್ಕೆ ಸಹಿ ಹಾಕಿ ನಂಬರು ಒತ್ತಿದೆ.
ನಾಲ್ಕು ರಿಂಗು. ಐದು.

‘ಯಾರು?’

‘ನೀರು ಬಂತಾ?’ ಅಂದೆ.

ಉಸಿರು. ಎಲ್ಲೋ ಹಿಂದೆ
ಕೊಡ ತುಂಬುವ ಸದ್ದು, ಮೇಲಮೇಲಕ್ಕೆ ಏರುತ್ತಾ.

‘ಸಣ್ಣಕೆ ಬರ್ತೈತೆ.’