ಚಾದರದೊಳಗಿನ ದನಿ

ಅಂಬಾದಾಸ ಬಂದು ಹೇಳಿದ್ದು ಇಷ್ಟ:
ಟೆಂಪೋದ ಮ್ಯಾಲೆ ಭೋಂಗಾ ಕಟ್ಟೀನಿ ಮಾಸ್ತರ,
ಅದರಾಗ ಕೂಗಲಿಕ್ಕೆ ನಿಮ್ಮ ಕನ್ನಡ ಬೇಕು.
ನನ್ನ ತೆಲುಗು ಕೇಳಿ ವಾಗದರಿ ಹೆಂಗಸರು ನಗತಾರ,
ಮರಾಠಿ ದುಧನಿ ದಾಟಿದರ ನಡ್ಯಾಂಗಿಲ್ಲ.
ಬರೇ ಎಂಟು ಸಾಲು, ಒಂದು ಮಿನಿಟು.
ನಿಮಗೊಂದು ಡಬಲ್ ಚಾದರ, ಹೂವಿನದು, ಫುಕಟ.

ಒಂದು ಮಿನಿಟು!
ಇಪ್ಪತ್ತಾರು ವರ್ಷ ಸಾಲ್ಯಾಗ ಒದರಿದಂವ ನಾನು,
ಕಡೀ ಬಾಕಿನ ಮ್ಯಾಲೆ ಮಲಗಿದವರೂ ಏಳೂಹಂಗ.

ಕೆಂಪು ಗುಂಡಿ ಒತ್ತಿದೆ. "ಬರ್ರಿ ಅಕ್ಕಾ, ಬರ್ರಿ ತಂಗಿ" ಅಂದೆ.
ತಿರುಗಿ ಹಚ್ಚಿ ಕೇಳಿದರ
ಮೊದಲಿಗೆ ಮೌಸಿನ ಕಟಕ್ಕು,
ಆಮ್ಯಾಲೆ ಯಾವನೋ ಒಬ್ಬ
ಮೂಗಿನಾಗ ಹತ್ತಿ ತುರುಕಿಕೊಂಡಂವ
ನನ್ನ ಹೆಸರು ಹೇಳಿ ಮನಿ ಹೊಕ್ಕಂಗ.
ಮಹಾನಂದಾ, ಇದು ನನ್ನ ದನಿ ಏನ?
ಒಳಗಿಂದ ರೊಟ್ಟಿ ಬಡಿಯೂದು ನಿಲ್ಲಲಿಲ್ಲ:
"ಮತ್ತ್ಯಾರದು? ಲಗ್ನ ಆದಾಗಿಂದ ಹಿಂಗೇ ಅದ."

ನಾಕನೇ ಸಲ ಅಂತೂ "ಭಾರಿ ಚಾದರ" ಅನ್ನೂದೊರಳಗ
ಭಕಾರ ಸ್ಫೋಟ ಆಗಿ
ಪರದೆಯ ಹಸರು ಗೆರಿ ಕೆಂಪಾಗಿ ನೆಗೀತು.
ಮೈಕು ದೂರ ಇಟ್ಟರ ನಾ ಬಾವ್ಯಾಗ ಬಿದ್ದಂಗ,
ಹತ್ತರ ಇಟ್ಟರ ಉಗುಳು ನುಂಗೂದೂ ಕೇಳಿಸ್ತದ.
ಕಿವಿಗೆ ಹಾಕ್ಕೊಂಡರ ನನ್ನ ಮಾತು ನನಗ
ಅರ್ಧ ಹೆಜ್ಜಿ ತಡಾ ಮಾಡಿ ಬರತದ,
ಅಣಕಿಸೋ ಪೋರನಂಗ.
ನಾ ಸುಮ್ಮನಾದರ ಅದೂ ಸುಮ್ಮನ,
ಯಾಕ್ರಿ ಸರ್, ಮರತ್ರೇನು ಅಂದಂಗ.

ಮತ್ತ ಎಲ್ಲಾದರ ಕೆಳಗ, ಒಂದೇ ಸಮ,
ಖಟ್ ಖಟಾ ಖಟ್, ಖಟ್ ಖಟಾ ಖಟ್.
ಜೋಡಭಾವಿ ಪೇಠಿನ ಗ್ವಾಡಿಯೊಳಗ ಹುಟ್ಟಿದಂವ ನಾನು,
ಮಗ್ಗದ ಸಪ್ಪಳ ಕೇಳಿ ಕೇಳಿ ಕೇಳಿಸದಂಗ ಆಗಿತ್ತು.
ಯಂತ್ರಕ್ಕ ಆ ರೂಢಿ ಇಲ್ಲ.
ಮೂರೂ ಪಾಳಿ ಅದು ನಿಷ್ಠೆಯಿಂದ ಬರಕೊಂಡದ.

ಹಳೇ ವಿದ್ಯಾರ್ಥಿ ಗುರುಶಾಂತ ಫೋನಿನಾಗ ಉಪಾಯ ಹೇಳಿದ:
ಸರ್, ಮೈಮ್ಯಾಲೆ ದಪ್ಪಂದು ಏನರ ಹೊದಕೊಂಡು ಮಾತಾಡ್ರಿ.
ಮೇ ತಿಂಗಳು. ಸೋಲಾಪುರದ ಬಿಸಿಲು ಸಂಜೀಕೂ ಗ್ವಾಡ್ಯಾಗ ಇತ್ತು.
ಅಂಬಾದಾಸನ ಹೂವಿನ ಚಾದರದೊಳಗ
ನಾನು, ಮೈಕು, ಒಂದು ಬ್ಯಾಟರಿ.
ಬೆವರು ಕಾಗದದ ಮ್ಯಾಲೆ ತೊಟ್ಟಿಕ್ಕಿ
ಎರಡಕ್ಕ ನಾಕನೂರು ಅನ್ನೂದು ಅಳಿಸಿಹೋತು.
"ಥಂಡಿಗೆ ಬೆಚ್ಚಗ!" ಅಂದೆ,
ಅಂದು ನನಗೇ ನಗಿ ಬಂತು.
ಆ ನಗಿ ಮಾತ್ರ ಸ್ವಚ್ಛ ಬಂದಿತ್ತು. ಹದಿನೇಳನೇದು.
ಉಳಿಸಲಿಕ್ಕೆ ಕೈ ಚಾಚಿದೆ,
ಲೈಟು ಹೋತು.

ಒಮ್ಮಿಗೇ ಪೇಠಿಗೆ ಪೇಠೇ ನಿಂತಿತು.
ಒಂದು ಮಗ್ಗ ಇಲ್ಲ. ಒಂದು ಫ್ಯಾನು ಇಲ್ಲ.
ಎಲ್ಲೋ ಒಬ್ಬಾಕಿ ಬಳಿ ಸರಿಸಿಕೊಂಡದ್ದು ಕೇಳಿಸ್ತು.
ಇಂಥಾ ನಿಶ್ಶಬ್ದ
ನನ್ನ ಜನ್ಮದಾಗ ಎಷ್ಟು ಸಲ ಸಿಕ್ಕೀತು?
ಕತ್ತಲಾಗ ಚಾದರ ತಗದು, ಎದ್ದು ನಿಂತು,
ಎಂಟೂ ಸಾಲು ಹೇಳಿದೆ.
ಎಲ್ಲೂ ತಡವರಿಸಲಿಲ್ಲ. ಭಕಾರ ಮೆತ್ತಗ ಬಂತು.
ಕಂಪ್ಯೂಟರ್ ಸತ್ತು ಬಿದ್ದಿತ್ತು.
ಮಹಾನಂದಾ ಅಷ್ಟೇ ಕತ್ತಲಾಗಿಂದ ಅಂದಳು,
"ಈಗ ಬರೋಬರಿ ಬಂತು ನೋಡ್ರಿ."

ಮುಂಜಾನೆ ಟೆಂಪೋ ಬಾಗಲಿಗೆ ಬಂದು ಹಾರ್ನು ಹೊಡೀತಿತ್ತು.
ಹತ್ತೊಂಬತ್ತನೇದನ್ನ ಸಿಟ್ಟಿನಾಗ ಮುಗಿಸಿ,
ಕೇಳದನ, ಪೆನ್ ಡ್ರೈವಿಗೆ ಹಾಕಿ ಕೊಟ್ಟೆ.

ವಾರ ಬಿಟ್ಟು ಅಂಬಾದಾಸ ಬಂದ, ಬಾಯಿಗೆ ಅರಬಿ ಹಿಡಕೊಂಡು.
ಆರನೇ ಸಾಲಿನ ನಡುವ, ಹಿತ್ತಲದಿಂದ,
ನಮ್ಮ ಪ್ರಾಜಕ್ತಾ ಚೀರಿದ್ದೂ ಅದರಾಗ ಬಂದದಂತ:
"ಅಪ್ಪಾ, ನಳಾ ಬಂದದ! ಲಗೂ ಬಾ!"
ತಡವಳದಾಗ, ಮೈಂದರ್ಗ್ಯಾಗ, ಹೋದಲ್ಲೆಲ್ಲಾ
ಹೆಂಗಸರು ಕೊಡಾ ತಗೊಂಡು ಹೊರಗ ಓಡಿ ಬರತಾರಂತ,
ನೀರಿಲ್ಲದ ನಳದ ಮುಂದ ನಿಂತು
ಮೊದಲು ಬೈತಾರಂತ,
ಆಮ್ಯಾಲೆ ಹೆಂಗೂ ಬಂದೇವಲ್ಲಾ ಅಂತ
ಚಾದರ ಮುಟ್ಟಿ ನೋಡತಾರಂತ.

ಅಳಿಸಿ ಹೊಸಾದು ಮಾಡಿಕೊಡತೀನಿ ತಡಿ, ಅಂದೆ.
ಬ್ಯಾಡ್ರಿ ಮಾಸ್ತರ, ಅದೇ ಇರಲಿ, ಅಂದ.
ಆದರಾ ಹುಡುಗಿದು ಒಂಚೂರು ಜೋರು ಮಾಡ್ರಿ,
ನಿಮ್ಮದು ಇದ್ದಷ್ಟು ಸಾಕು.