ಗೋಡೆಗೆ ಹಚ್ಚುವ ಅಕ್ಷರ

ಬಸಿಲಿಕಾತಾದ ಗುಡ್ಡದ ಮೇಲಿನ ಈ ಊರಲ್ಲಿ
ಸಾವು ಮೊದಲು ಗೋಡೆಗೆ ಗೊತ್ತಾಗುತ್ತದೆ.
ಕ್ವಿರಿನೊ ಗೋಂದಿನ ಬಕೀಟು ಹಿಡಿದು ಹೊರಟರೆ
ಕಾಫಿ ಕುಡಿಯುವವರು ಮಾತು ನಿಲ್ಲಿಸುತ್ತಾರೆ:
ಯಾರದ್ದು ಇವತ್ತು?

ಅವನ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವಳು ನಾನು.
ಮದುವೆಗೆ ಬಳುಕುವ ಅಕ್ಷರ, ಮೇಲಿನ ಖಾನೆ.
ಹೊಸ ಪಿಜ್ಜಾ ಅಂಗಡಿಗೆ ಪಾದವಿಲ್ಲದ ಬೋಳು ಅಕ್ಷರ, ಕಿಟಕಿ ಪಕ್ಕ.
ಸಾವಿಗೆ, ಹೊಲದ ಹರಾಜಿಗೆ,
ನಾಳೆ ನಲ್ಲಿಯಲ್ಲಿ ನೀರಿಲ್ಲ ಅನ್ನುವುದಕ್ಕೆ
ತಳದ ಖಾನೆ, ಎರಡೂ ಕೈಯಲ್ಲಿ ಎಳೆಯಬೇಕು.
ಅಲ್ಲಿವೆ ದಪ್ಪನೆಯವು.
ಕಂಬ ದಪ್ಪ, ಅಡ್ಡಗೆರೆ ಸಣ್ಣ,
ತುದಿಗೆಲ್ಲ ಚಪ್ಪಟೆ ಪಾದ.
ತಲೆಗೆ ಕಟ್ಟಿದರೆ ತಲೆಕಟ್ಟು; ಇವು ಕಾಲಿಗೆ ಕಟ್ಟಿಕೊಂಡವು,
ಜಾರುಗಲ್ಲಿನ ಓಣಿಯಲ್ಲಿ ಪೆಟ್ಟಿಗೆ ಹೊತ್ತವರು
ಕಾಲಗಲಿಸಿ ನಿಲ್ಲುವ ಹಾಗೆ.

"ಇದು ಕಿರುಚುವುದಿಲ್ಲ," ಅನ್ನುತ್ತಾನೆ ಕ್ವಿರಿನೊ,
"ಗಂಟಲು ಸರಿಮಾಡಿಕೊಂಡು ಒಮ್ಮೆ ಹೇಳುತ್ತದೆ.
ಕನ್ನಡಕ ಮರೆತವರಿಗೂ ಓಣಿಯಾಚೆಯಿಂದ ಕೇಳಿಸಬೇಕು."
ದುಃಖದ ಸಾಲು ಮಾತ್ರ ಇದರಲ್ಲಿ ಕೂಡದಂತೆ:
ದಪ್ಪಗೆ ಬರೆದ ಕಣ್ಣೀರು ಸುಳ್ಳು ಕಾಣುತ್ತದೆ.
ಹೆಸರು ಸಾಕು. ಸುತ್ತ ಒಂದಿಷ್ಟು ಖಾಲಿ.

ಫೆಬ್ರವರಿಯಲ್ಲಿ ಇಮ್ಮಾಕೊಲಾತಾ ಲೊಪಿತ್ಸೊ ತೀರಿಕೊಂಡಳು,
ಮೇಲಿನ ಕೇರಿ, ಎಂಬತ್ತೊಂದು.
ಹನ್ನೆರಡು ಗೋಡೆಗೆ ಹಚ್ಚಿ ಬಂದೆವು.
ಮಧ್ಯಾಹ್ನ ಬಾಗಿಲಲ್ಲಿ
ಇಮ್ಮಾಕೊಲಾತಾ ಲೊಪಿತ್ಸೊ ನಿಂತಿದ್ದಳು,
ಕೆಳಗಿನ ಕೇರಿ, ಎಪ್ಪತ್ತೊಂಬತ್ತು,
ಕಂಕುಳಲ್ಲಿ ಸಾವಿನ ಮನೆಗೆಂದು ಜನ ತಂದ ಸಕ್ಕರೆ ಪೊಟ್ಟಣ.

"ಮೂರು ಮನೆಯವರು ಬಂದರು.
ಬಾಗಿಲು ತೆಗೆದವಳೇ ನಾನು; ನನ್ನ ಮುಖಕ್ಕೇ ಅತ್ತರು.
ನನಗೂ ಒಂದು ಹಚ್ಚು, ಇದ್ದೇನೆ ಅಂತ."
ಕ್ವಿರಿನೊ ತೆಳ್ಳನೆಯ ಖಾನೆಗೆ ಕೈಹಾಕಿದ.
"ಅದಲ್ಲ. ಸತ್ತವಳಿಗೆ ಕೊಟ್ಟಷ್ಟೇ ದಪ್ಪ.
ಇದ್ದೇನೆ ಅನ್ನುವುದನ್ನು ಪಿಸುಗುಟ್ಟಲೇನು?"

ಆ ದಪ್ಪದಲ್ಲಿ ನಮ್ಮಲ್ಲಿದ್ದ ಝಡ್ ಎರಡೇ.
ಎರಡೂ ಲೊಪಿತ್ಸೊದ ನಡುವೆ ಸಿಕ್ಕಿಕೊಂಡಿದ್ದವು,
ಚೌಕಟ್ಟಿನಲ್ಲಿ ಹಿಂದುಮುಂದಾಗಿ ಮಲಗಿದ ಹೆಸರು,
ಮಸಿ ಇನ್ನೂ ಆರಿಲ್ಲ.
ನಾನೆಂದೆ: ಬಿಚ್ಚುವುದೇಕೆ? ಹೆಸರು ಅದೇ ತಾನೆ,
ಕೆಳಗಿನ ಸಾಲು ಬದಲಿಸಿದರಾಯಿತು.

ಅವನು ಉತ್ತರ ಕೊಡಲಿಲ್ಲ.
ಒಂದೊಂದೇ ಮೊಳೆ ಕಿತ್ತ,
ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜಿದ,
ಖಾನೆಗೆ ಹಾಕಿದ, ಖಾನೆ ಮುಚ್ಚಿದ.
ಮತ್ತೆ ತೆಗೆದ.
ಅದೇ ಹದಿನೇಳು ಮೊಳೆ, ಅದೇ ಸಾಲಿನಲ್ಲಿ ಇಟ್ಟ.
ಆಮೇಲೆ ಹೇಳಿದ: "ಅದು ಬೇರೆಯವಳ ಹೆಸರು."

ಈಗ ಚರ್ಚಿನ ಗೋಡೆಯಲ್ಲಿ ಎರಡೂ ಅಕ್ಕಪಕ್ಕ.
ಎರಡನೆಯ ಝಡ್ಡಿನ ಪಾದ ಮುಕ್ಕು, ಎರಡರಲ್ಲೂ.
ಬಲಗಡೆಯದರಲ್ಲಿ ಅವಳೇ ಹೇಳಿ ಬರೆಸಿದ್ದು:
*ಬದುಕಿದ್ದಾಳೆ. ಸಕ್ಕರೆ ವಾಪಸು ಕೊಡಲಾಗುವುದಿಲ್ಲ.*

ದುಡ್ಡು ಎಣಿಸುವಾಗ ಗೋಂದಿಗೂ ಚೌಕಾಸಿ ಮಾಡಿದಳು.
ಕ್ವಿರಿನೊ ಬಿಟ್ಟುಕೊಟ್ಟ, ನಗುತ್ತ.
ಅವನ ಗಿರಾಕಿಗಳು ಚೌಕಾಸಿ ಮಾಡುವವರಲ್ಲ.